ಜಿಪ್ ಹಾಕಿದರೆ ಚೀಲದ ಕುಲ ಕೆಡುತ್ತದೆಯೇ?



ಕೈಯಲ್ಲಿ ಹೊಲಿದ ತೊಗಲಿನ ಚೀಲಕ್ಕೆ ಜಿಪ್ ಹಾಕಬಹುದೋ ಹಾಕಬಾರದೋ ಅನ್ನೋದೂ ಒಂದು ಚರ್ಚೆಯೇ ಎಂದು ನೀವು ಕೇಳಬಹುದು. ಉಳೋಕೆ ಭೂಮಿ ಇಲ್ಲ, ಸ್ಕಾಲರ್‌ಶಿಪ್ಪು ಹೊತ್ತಿಗೆ ಬರೋದಿಲ್ಲ, ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಬೇಕು, ಇಂಥಾದ್ದರಲ್ಲಿ ಜಿಪ್ಪಿನ ಮಾತೇನು? ಆದರೆ ಕಳೆದ ಎರಡು ತಿಂಗಳಲ್ಲಿ ಈ ಒಂದು ಜಿಪ್ಪಿನ ಸುತ್ತ ನಾವು ಕೇಳಿದ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ನಮ್ಮವರ ಕೈಕೆಲಸದ ಮೇಲೆ ಯಾರ್ಯಾರು ಹೆಂಗೆಂಗೆ ಯಜಮಾನಿಕೆ ಮಾಡ್ತಾರೆ ಅನ್ನೋದು ಕಣ್ಣಿಗೆ ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇವೆ.

ಸಂಗತಿ ಇಷ್ಟು. ಗೋವಿನಕೋವಿ ಕಡೆಯ ಹುಡುಗನೊಬ್ಬ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾನೆ. ಅವನ ಅಜ್ಜ ಒಂದು ಹೆಗಲ ಚೀಲ ಹೊಲಿದುಕೊಟ್ಟಿದ್ದಾರೆ. ಗಟ್ಟಿ ತೊಗಲು. ಮೇಲೆ ಮಡಿಚಿ ಮುಚ್ಚುವ ಮುಚ್ಚಳ, ಬಿಗಿಯೋಕೆ ಒಂದು ಬಾರು, ಒಂದು ಹಿತ್ತಾಳೆ ಬಕಲ್. ಚೀಲದೊಳಗೆ ಹುಡುಗ ಪುಸ್ತಕ ಇಡ್ತಾನೆ, ಜೊತೆಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು. ಬಸ್ಸಿನ ನೂಕುನುಗ್ಗಲಲ್ಲಿ ಮುಚ್ಚಳದ ಎರಡೂ ಬದಿ ಬಾಯಿ ಬಿಡುತ್ತದೆ, ಮಳೆ ಬಂದರೆ ನೀರು ಒಳಗೆ. ಅದಕ್ಕೊಂದು ಜಿಪ್ ಹಾಕಿಸಬೇಕು ಅಂದುಕೊಂಡ. ಇದರಲ್ಲಿ ತಪ್ಪೇನಿದೆ?

ಮೊದಲು ಪೇಟೆಯ ಒಂದು ಬ್ಯಾಗಿನ ಅಂಗಡಿಗೆ ಹೋದ. ನಮ್ಮಲ್ಲಿ ಇಬ್ಬರು ಜೊತೆಗಿದ್ದೆವು. ಅಂಗಡಿಯವನು ಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಒಳಗೆ ಮೂಗಿಟ್ಟು, ಯಾರು ಹೊಲಿದದ್ದು ಎಂದು ಕೇಳಿದ. ಹುಡುಗ ಹೇಳಿದ. ಅಂಗಡಿಯವನು ಚೀಲವನ್ನು ಮೇಜಿನ ಮೇಲಿಂದ ಇತ್ತ ತಳ್ಳಿದ. "ಇದು ನಮ್ಮ ಮಿಷಿನ್ನಿಗೆ ಬರಲ್ಲ. ನಿಮ್ಮೋರ ಹತ್ರಾನೇ ಹೋಗು" ಅಂದ. ಮಿಷಿನ್ನಿಗೆ ಬರೋದಿಲ್ಲ ಅನ್ನೋ ಮಾತು ದಿಟ, ಅದರ ಕಾರಣ ಮುಂದೆ ಹೇಳುತ್ತೇವೆ. ಆದರೆ "ನಿಮ್ಮೋರ ಹತ್ರ" ಅನ್ನೋದು ಮಿಷಿನ್ನಿನ ಮಾತಲ್ಲವಲ್ಲ.

ಇನ್ನೊಂದು ಕಡೆ ಬೇರೆಯೇ ತಮಾಷೆ. ನಮ್ಮ ಗೆಳೆಯನೊಬ್ಬ ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ ಇದೇ ಚೀಲದ ಫೋಟೋ ತೋರಿಸಿ, ಇದಕ್ಕೆ ಎಂಥ ಜಿಪ್ ಹಾಕಿದರೆ ಚೆನ್ನ ಎಂದು ಕೇಳಿದನಂತೆ. ಅಲ್ಲಿದ್ದ ಒಬ್ಬ ದೊಡ್ಡ ಮನೆಯ ಅಮ್ಮನವರು, "ಅಯ್ಯೋ, ಬೇಡಪ್ಪ, ಜಿಪ್ ಹಾಕಿದರೆ ಅದರ ಶುದ್ಧತೆಯೇ ಹೋಗಿಬಿಡುತ್ತೆ" ಎಂದರಂತೆ. ಶುದ್ಧತೆ! ಮಾದಿಗರ ಹಟ್ಟಿಯಲ್ಲಿ ಹೊಲಿದ ತೊಗಲಿಗೆ ಶುದ್ಧತೆ ಅನ್ನೋ ಮಾತನ್ನು ನಮ್ಮ ತಾತ ಮುತ್ತಾತಂದಿರು ಒಂದು ಸಾರಿಯಾದರೂ ಕೇಳಿದ್ದರೇ? ಮುಟ್ಟಿದರೆ ಸ್ನಾನ ಮಾಡುತ್ತಿದ್ದವರ ಮೊಮ್ಮಕ್ಕಳಿಗೆ ಈಗ ನಮ್ಮ ತೊಗಲು ಮಡಿ ವಸ್ತುವಾಗಿದೆ. ಅಂದು ಮುಟ್ಟಬೇಡ ಎಂದರು, ಇಂದು ಬದಲಿಸಬೇಡ ಎನ್ನುತ್ತಾರೆ.

ಮೂರನೆಯದು ಹಾಸ್ಟೆಲಿನೊಳಗಿನದು. ಇದನ್ನು ಹೇಳೋಕೆ ನಾಲಗೆ ತಡೆಯುತ್ತದೆ, ಆದರೂ ಹೇಳಬೇಕು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ನಮ್ಮ ಹುಡುಗರೇ ಚೀಲ ನೋಡಿ ನಕ್ಕರು. "ಕೆರ ಹೊಲಿಯೋರ ಬ್ಯಾಗು" ಅಂತ ಒಬ್ಬ ಅಂದ. "ತೊಗಲು ನಮ್ಮ ಪೈಕಿ ಅಲ್ಲ, ಅವರ ಪೈಕಿ" ಅಂತ ಇನ್ನೊಬ್ಬ. ಒಳಮೀಸಲಾತಿಗೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ದಾರಿ ಬಿಟ್ಟಿತು. ಆದರೆ ರೂಮಿನೊಳಗಿನ ಈ ನಗುವಿಗೆ ಯಾವ ಕೋರ್ಟಿನಲ್ಲಿ ಅರ್ಜಿ ಹಾಕೋಣ? ಹೊಲೆಯ, ಮಾದಿಗ, ಸಮಗಾರ, ಡೋಹರ ಅಂತ ಮೇಲಿನವರು ಹಾಕಿಕೊಟ್ಟ ಮೆಟ್ಟಿಲನ್ನು ನಾವು ಹಾಸ್ಟೆಲಿಗೂ ಹೊತ್ತುಕೊಂಡು ಬಂದು ಕಾಟಿನ ಕೆಳಗೆ ಇಟ್ಟುಕೊಂಡಿದ್ದೇವೆ. ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಈ ಸೀಮೆಯವರೇ. ಅವರ ಫೋಟೋ ಗೋಡೆಗೆ ಹಾಕಿ, ಕೆಳಗೆ ಕೂತು ತೊಗಲಿನ ಚೀಲ ನೋಡಿ ನಗುವುದು ಯಾವ ಸಂಘಟನೆ?

ಅಜ್ಜನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕಡೆಗೆ ಹುಡುಗನೇ ಊರಿಗೆ ಹೋದಾಗ ಕೇಳಿದ. "ಅಜ್ಜಾ, ಇದಕ್ಕೆ ಜಿಪ್ ಹಾಕ್ಸಿದ್ರೆ ನಿಂಗೆ ಬ್ಯಾಸರ ಆಕತೇನು?" ಅಜ್ಜ ಹೇಳಿದ್ದು ಇಷ್ಟೇ. "ಬ್ಯಾಸರ ಯಾಕಪ್ಪ. ಬುಕ್ಕು ನೆನೀಬಾರ್ದು. ಆದ್ರೆ ಕಬ್ಬಿಣದ್ದು ಹಾಕ್ಸಬ್ಯಾಡ, ತೊಗಲು ಕರ್ರಗಾಕತಿ."

ಈ ಕೊನೆಯ ಮಾತಿನಲ್ಲಿ ಎಷ್ಟು ವಿದ್ಯೆ ಇದೆ ನೋಡಿ. ನಮ್ಮ ಹಿರಿಯರು ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ತಂಗಡಿ ತೊಗಟೆ, ಅಳಲೆಕಾಯಿ ಹಾಕಿದ ತೊಟ್ಟಿಯಲ್ಲಿ ದಿನಗಟ್ಟಲೆ ಊರಿಸಿ ಹದ ಮಾಡುತ್ತಿದ್ದರು. ಆ ತೊಗಟೆ ಕಾಯಿಗಳ ಒಗರು ತೊಗಲಿನೊಳಗೆ ಹಿಡಿದು ಕೂರುತ್ತದೆ. ಅದಕ್ಕೆ ಕಬ್ಬಿಣ ತಾಗಿ ನೀರೂ ಸೇರಿತೆಂದರೆ ನೀಲಿಗಪ್ಪು ಕಲೆ, ತೊಳೆದರೂ ಹೋಗದು. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿಯೇ ಬರೆಯುವ ಮಸಿ ಮಾಡುತ್ತಿದ್ದರು. ಅಕ್ಷರವನ್ನು ನಮ್ಮಿಂದ ದೂರ ಇಟ್ಟರು, ಮಸಿಯ ಗುಟ್ಟು ನಮ್ಮ ತೊಟ್ಟಿಯಲ್ಲೇ ಇತ್ತು. ಕೆಮಿಸ್ಟ್ರಿ ಓದುವ ಹುಡುಗರು ಇದನ್ನು ಲ್ಯಾಬಿನಲ್ಲಿ ಮಾಡಿ ನೋಡಬಹುದು, ಅಜ್ಜನಿಗೆ ಡಿಗ್ರಿ ಯಾರೂ ಕೊಡಲಿಲ್ಲ ಅಷ್ಟೆ.

ಜಿಪ್ಪು ಪರದೇಶಿ ವಸ್ತು, ಕೈಕಸುಬಿಗೆ ಸಲ್ಲದು ಅನ್ನೋರಿಗೆ ಒಂದು ಮಾತು. ಜಿಪ್ಪು ಹುಟ್ಟಿದ್ದೇ ಮೆಟ್ಟಿಗಾಗಿ. ಅಮೆರಿಕದ ವಿಟ್‌ಕಾಂಬ್ ಜಡ್ಸನ್ ಎಂಬಾತ 1893ರಲ್ಲಿ ಬೂಟಿನ ಬಾಯಿ ಮುಚ್ಚಲು ಕೊಕ್ಕೆಗಳ ಸಾಲೊಂದನ್ನು ಮಾಡಿದ. ಅದು ಸರಿಯಾಗಿ ಕೂರುತ್ತಿರಲಿಲ್ಲ. ಸ್ವೀಡನ್ನಿಂದ ಹೋಗಿದ್ದ ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಎಂಜಿನಿಯರು 1913ರಲ್ಲಿ ಹಲ್ಲಿಗೆ ಹಲ್ಲು ಕಚ್ಚುವ ಇಂದಿನ ಮಾದರಿಗೆ ತಂದ. 1917ರಲ್ಲಿ ಪೇಟೆಂಟು ಸಿಕ್ಕಿತು. 1923ರಲ್ಲಿ ಗುಡ್‌ರಿಚ್ ಕಂಪನಿ ತನ್ನ ರಬ್ಬರು ಬೂಟಿಗೆ ಹಾಕಿ, ಎಳೆದಾಗ ಬರುವ ಸದ್ದಿನಿಂದ ಅದಕ್ಕೆ ಜಿಪ್ಪರ್ ಅಂತ ಹೆಸರಿಟ್ಟಿತು. ಪ್ಯಾಂಟಿಗೆ, ಜಂಬದ ಚೀಲಕ್ಕೆ ಬಂದದ್ದು ಆಮೇಲೆ. ಸುಂಡ್‌ಬ್ಯಾಕ್ ತನ್ನ ಜಿಪ್ಪು ತಿದ್ದುತ್ತಿದ್ದ ಅದೇ 1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು ಅನ್ನೋದು ನಮಗೆ ಖುಷಿ ಕೊಡುವ ಸಂಗತಿ, ಇದರಿಂದ ಏನೂ ಸಾಬೀತಾಗೋದಿಲ್ಲ, ಇರಲಿ. ಕೆರ ಹೊಲಿಯುವವನ ಕಷ್ಟಕ್ಕೆ ಹುಟ್ಟಿದ ವಸ್ತು ಕೆರ ಹೊಲಿಯುವವನ ಚೀಲಕ್ಕೆ ಪರಕೀಯ ಹೇಗಾಯಿತು?

ಈಗ ಕೆಲಸದ ಮಾತು. ನಾವು ಕಡೆಗೆ ಬಸ್ ಸ್ಟ್ಯಾಂಡ್ ಬಳಿ ಕೊಡೆ ಕೆಳಗೆ ಕೂರುವ ಹಿರಿಯರೊಬ್ಬರ ಹತ್ತಿರ ಹೋದೆವು. ಅವರು ಮಾಡಿದ್ದನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದೆವು. ಅದನ್ನು ಇಲ್ಲಿ ಬರೆದಿಡುತ್ತೇವೆ, ಯಾಕೆಂದರೆ ಇದು ಯಾವ ಪಠ್ಯದಲ್ಲೂ ಸಿಗೋದಿಲ್ಲ.

ಹೊಲಿದು ಮುಗಿದ ಚೀಲದ ಬಾಯಿ ಮಿಷಿನ್ನಿನ ಸೂಜಿ ಕೆಳಗೆ ಚಪ್ಪಟೆಯಾಗಿ ಮಲಗೋದಿಲ್ಲ. ಒತ್ತಿ ಮಲಗಿಸಿದರೆ ಪಕ್ಕದ ಹೊಲಿಗೆ ಕಿತ್ತು ಬರುತ್ತದೆ. ಬಟ್ಟೆ ಹೊಲಿಯುವ ಮಿಷಿನ್ನಿಗೆ ದಪ್ಪ ತೊಗಲು ಚುಚ್ಚುವ ಶಕ್ತಿಯೂ ಇಲ್ಲ. ಇನ್ನೊಂದು, ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ, ತೊಗಲಿನಲ್ಲಿ ಒಮ್ಮೆ ಚುಚ್ಚಿದ್ದು ಚುಚ್ಚಿದ್ದೇ. ತಪ್ಪಾಗಿ ಸಾಲು ಹೊಡೆದರೆ ಅಂಚು ಅಂಚೆಚೀಟಿಯ ಹಾಗೆ ಹರಿದು ಬರುತ್ತದೆ. ಆದ್ದರಿಂದ ಅಂಗಡಿಯವನ ಮಿಷಿನ್ನು ಕೈಚೆಲ್ಲಿದ ಕಡೆ ಕೈಯೇ ಬೇಕು.

ಹಿರಿಯರು ಮೊದಲು ಜಿಪ್ಪನ್ನು ಚೀಲದ ಬಾಯಿಗೆ ನೇರ ಹಚ್ಚಲೇ ಇಲ್ಲ. ತೆಳು ತೊಗಲಿನ ಎರಡು ಪಟ್ಟಿ ಕತ್ತರಿಸಿದರು, ಒಂದೊಂದು ಒಂದೂವರೆ ಇಂಚು ಅಗಲ. ರಂಪಿಗೆಯಿಂದ ಅದರ ಅಂಚನ್ನು ಹೆರೆದು ಇನ್ನೂ ತೆಳ್ಳಗೆ ಮಾಡಿದರು. ಆ ಪಟ್ಟಿಗಳ ನಡುವೆ ಜಿಪ್ ಇಟ್ಟು, ಸಲ್ಯೂಷನ್ ಸವರಿ ಅಂಟಿಸಿದರು. ಜಿಪ್ಪನ್ನು ಮುಚ್ಚಿಯೇ ಅಂಟಿಸಬೇಕಂತೆ. ತೆರೆದು ಅಂಟಿಸಿದರೆ ಒಂದು ತುಟಿ ಮುಂದೆ ಒಂದು ತುಟಿ ಹಿಂದೆ ಆಗಿ ಬಾಯಿ ಸೊಟ್ಟವಾಗುತ್ತದೆ. ಹಲ್ಲಿಗೂ ತೊಗಲಿನ ಅಂಚಿಗೂ ಎರಡೂ ಕಡೆ ಒಂದಿಷ್ಟು ಜಾಗ ಬಿಟ್ಟರು, ಇಲ್ಲದಿದ್ದರೆ ರನ್ನರು ಅಂಚನ್ನು ಕಚ್ಚುತ್ತದೆ. ಜಿಪ್ಪು 5ನೇ ನಂಬರಿನದು, ನೈಲಾನ್ ಹಲ್ಲಿನದು. ಹಿತ್ತಾಳೆಯದೂ ಆಗುತ್ತದೆ. ಅಜ್ಜ ಹೇಳಿದ ಕಬ್ಬಿಣದ ಮಾತನ್ನೇ ಇವರೂ ಕೇಳದೇ ಹೇಳಿದರು. ಜಿಪ್ಪು ಬಾಯಿಗಿಂತ ಎರಡು ಇಂಚು ಉದ್ದ ಇರಬೇಕು, ಎರಡೂ ತುದಿಗೆ ತೊಗಲಿನ ಚೂರನ್ನು ಮಡಿಚಿ ಹೊಲಿಯಬೇಕು, ಎಳೆಯುವಾಗ ಎಲ್ಲ ಜೋರು ಬೀಳೋದು ಅಲ್ಲೇ.

ಆಮೇಲೆ ಈ ಪಟ್ಟಿಗಳನ್ನು ಚೀಲದ ಬಾಯಿಯ ಒಳಮೈಗೆ ಇಟ್ಟು ಹೊಲಿಗೆ. ಅಜ್ಜ ಬಾಯಿಯ ಅಂಚಿಗೆ ಮೊದಲೇ ಒಂದು ಸಾಲು ಹೊಲಿದಿದ್ದರಲ್ಲ, ಆ ದಾರ ಬಿಚ್ಚಿ ಅದೇ ತೂತುಗಳಲ್ಲಿ ಇವರು ಹೊಲಿದರು. ಒಂದು ತೂತೂ ಹೊಸದಾಗಿ ಬೀಳಲಿಲ್ಲ. ಮೇಣ ಉಜ್ಜಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಒಂದು ಸೂಜಿ ಆಚೆಯಿಂದ ಈಚೆಗೆ, ಇನ್ನೊಂದು ಈಚೆಯಿಂದ ಆಚೆಗೆ. ಮಿಷಿನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಈ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಲೆಕ್ಕ ಹಾಕಿದೆವು. ಬಾಯಿ 14 ಇಂಚು, ಎರಡು ಕಡೆ ಸೇರಿ 28. ಇಂಚಿಗೆ 6 ತೂತು, ಒಟ್ಟು 168. ಒಂದೊಂದರಲ್ಲಿ ಎರಡು ಸಲ ಸೂಜಿ, ಅಲ್ಲಿಗೆ 336 ಸಲ ಚುಚ್ಚಿ ಎಳೆದದ್ದಾಯಿತು. ಪಟ್ಟಿಗೆ ಜಿಪ್ ಹೊಲಿದ ಲೆಕ್ಕ ಬೇರೆ.

ಪಟ್ಟಿ ಯಾಕೆ ಅಂತ ಕೇಳಿದೆವು. "ತೊಗಲು ನಿನ್ನ ಮಗನ ಕಾಲಕ್ಕೂ ಇರತತಿ, ಜಿಪ್ಪು ಇರಲ್ಲ. ನಾಳೆ ಹಲ್ಲು ಹೋದ್ರೆ ಪಟ್ಟಿ ಬಿಚ್ಚಿ ಬ್ಯಾರೆ ಹಾಕು, ಚೀಲ ಮುಟ್ಟಬ್ಯಾಡ" ಅಂದರು. ಹಳೆಯದನ್ನು ಕೆಡಿಸದೆ ಹೊಸದನ್ನು ತರೋದು ಹೆಂಗೆ ಅಂತ ಬೆಂಗಳೂರಿನಲ್ಲಿ ಸೆಮಿನಾರು ಮಾಡುವವರು ಈ ಕೊಡೆ ಕೆಳಗೆ ಬಂದು ಕೂರಲಿ.

ಕೂಲಿ 150 ರೂಪಾಯಿ ಕೇಳಿದರು. ಆಗ ನಮ್ಮಲ್ಲೇ ಒಬ್ಬ, "ಯಜಮಾನ್ರೆ, 100 ಮಾಡ್ಕಳಿ" ಅಂದ. ಅಲ್ಲೇ ಅವನ ಬಾಯಿ ಮುಚ್ಚಿಸಿದೆವು. ಮಾಲಿನ ಅಂಗಡಿಯಲ್ಲಿ ಚೀಟಿ ಮೇಲಿನ ಬೆಲೆ ಓದಿ ಸುಮ್ಮನೆ ಕೊಡುವವರು, ಕೊಡೆ ಕೆಳಗೆ ಕೂತವನ ಹತ್ತಿರ ಚೌಕಾಸಿಗೆ ನಿಲ್ಲುತ್ತೇವೆ. ಯಾಕೆ? ಆತನಿಗೆ ಕೊಡೋದು ಕೂಲಿ ಅಲ್ಲ, ಆಯ ಅನ್ನೋ ಹಳೇ ಗೌಡಿಕೆಯ ಬುದ್ಧಿ ನಮ್ಮ ತಲೆಯಲ್ಲೂ ಉಳಿದಿದೆ. ವರ್ಷವಿಡೀ ಮಿಣಿ, ಬಾರುಕೋಲು, ಜತ್ತಿಗೆ, ಕಪಿಲೆಯ ತೊಗಲ ಬಾನಿ, ಮನೆಮಂದಿಗೆಲ್ಲ ಕೆರ ಹೊಲಿದುಕೊಟ್ಟು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಮೊರದಲ್ಲಿ ಸುರಿದಷ್ಟು ಕಾಳು ಹಿಡಿಯಬೇಕಿತ್ತು. ಎಷ್ಟು ಸುರಿಯಬೇಕು ಅನ್ನೋದು ಸುರಿಯುವವನ ಇಷ್ಟ. ಆ ಪದ್ಧತಿ ಕಳಚಿದ್ದು ಯಾರ ದಯೆಯಿಂದಲೂ ಅಲ್ಲ. ಪಂಪ್‌ಸೆಟ್ಟು ಬಂದು ಕಪಿಲೆ ಹೋಯಿತು, ನೈಲಾನ್ ಹಗ್ಗ ಬಂದು ಮಿಣಿ ಹೋಯಿತು, ಟೈರಿನ ಮೆಟ್ಟು ಬಂದು ಕೆರ ಹೋಯಿತು. ಕಸುಬು ಹೋಯಿತು, ಕಸುಬಿನ ಹೆಸರಿನ ಬೈಗುಳ ಮಾತ್ರ ಉಳಿಯಿತು.

ಇಲ್ಲಿ ಕೆಲವು ಸಂಗಾತಿಗಳು ನಮ್ಮನ್ನು ತಡೆದು ಕೇಳುತ್ತಾರೆ. ಬಾಬಾಸಾಹೇಬರು ಈ ಹೊಲಸು ಕೆಲಸ ಬಿಡಿ ಅಂದರಲ್ಲ, ನೀವು ಮತ್ತೆ ತೊಗಲಿಗೆ ಕರೆಯುತ್ತೀರಾ? ನ್ಯಾಯವಾದ ಪ್ರಶ್ನೆ. 1927ರಲ್ಲಿ ಮಹಾಡದಲ್ಲಿ ಅವರು ಸತ್ತ ದನ ಎಳೆಯೋದು, ಅದರ ಬಾಡು ತಿನ್ನೋದು ಬಿಡಿ ಎಂದು ಕರೆಕೊಟ್ಟರು. ಹಾಗೆ ಬಿಟ್ಟರೆ ಕೊಂಬು, ಗೊರಸು, ತೊಗಲಿನಿಂದ ಬರುವ ಐನೂರು ರೂಪಾಯಿ ಲಾಭ ನಿಮ್ಮ ಜನಕ್ಕೆ ತಪ್ಪುತ್ತದೆ ಎಂದು ಕೇಸರಿ ಪತ್ರಿಕೆಯಲ್ಲಿ ಒಬ್ಬರು ಲೆಕ್ಕ ಬರೆದರು. ಹಾಗಾದರೆ ನೀವೇ ಆ ದನ ಹೊತ್ತು ಆ ಲಾಭ ತಗೊಳ್ಳಿ, ಮೇಲೆ ನಾನೂ ಐನೂರು ಕೊಡ್ತೀನಿ ಅನ್ನೋ ಅರ್ಥದ ಉತ್ತರ ಕೊಟ್ಟದ್ದನ್ನು ಅವರು ನಾಗಪುರದಲ್ಲಿ 1956ರ ಅಕ್ಟೋಬರ್ 15ರಂದು, ಧಮ್ಮದೀಕ್ಷೆಯ ಮಾರನೇ ದಿನದ ಭಾಷಣದಲ್ಲಿ ನೆನೆಸಿಕೊಂಡರು. ಈ ಉತ್ತರವನ್ನು ಪ್ರತಿಯೊಬ್ಬ ಹಾಸ್ಟೆಲ್ ಹುಡುಗನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಕೆಲಸ ಬಿಡಿ ಅಂದದ್ದು ಅದು ಜಾತಿಯ ಹೆಸರಲ್ಲಿ ಹೇರಿದ ಬಿಟ್ಟಿ ಚಾಕರಿ ಆದ್ದರಿಂದ. ಊರಿನಲ್ಲಿ ದನ ಸತ್ತರೆ ಹಟ್ಟಿಗೆ ಹೇಳಿ ಕಳಿಸುವ ಪದ್ಧತಿ ಈಗಲೂ ಎಲ್ಲಿದೆಯೋ ಅಲ್ಲಿ ನಾವು ಹೋಗಬಾರದು, ಇದರಲ್ಲಿ ಎರಡು ಮಾತಿಲ್ಲ. ಹೋದವರ ಗತಿ ಏನಾಯಿತು ಅನ್ನೋದನ್ನು 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ನೋಡಿದೆವು. ಸತ್ತ ದನದ ತೊಗಲು ಸುಲಿಯುತ್ತಿದ್ದವರನ್ನು ಗೋರಕ್ಷಕರು ಕಟ್ಟಿ ಹೊಡೆದರು. ನೀವೇ ಸುಲೀರಿ ಅಂದೋರೂ ಅವರೇ, ಯಾಕೆ ಸುಲಿದಿರಿ ಅಂದೋರೂ ಅವರೇ. ಗೋವಿನಕೋವಿಯ ಹೆಸರಿನಲ್ಲೇ ಗೋವಿದೆ. ಆ ಗೋವು ಬದುಕಿರುವಾಗ ಹಾಲು ಯಾರ ಮನೆಗೆ, ಸತ್ತಾಗ ಹೊರುವ ಸರದಿ ಯಾರದು ಅಂತ ಅಲ್ಲಿನ ಮಕ್ಕಳೇ ಲೆಕ್ಕ ಹಾಕಲಿ.

ಆದರೆ ಹೆಣ ಹೊರೋದು ಬೇರೆ, ಎರಡು ಸೂಜಿಯ ಹೊಲಿಗೆ ಬೇರೆ. ಹೆಣ ಹೊರೋದರಲ್ಲಿ ವಿದ್ಯೆ ಇಲ್ಲ, ಬರೀ ಹೇರಿಕೆ. ಹೊಲಿಗೆಯಲ್ಲಿ ವಿದ್ಯೆ ಇದೆ, ಅದರ ದುಡ್ಡು ಮಾತ್ರ ನಮಗೆ ಬಂದಿಲ್ಲ. ಬಂದವರು ಯಾರು ನೋಡಿ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿ ಮೆಟ್ಟಿನ ಥರಾನೇ ಇರೋ ಮೆಟ್ಟು ತೊಡಿಸಿ ಹುಡುಗರನ್ನು ನಡೆಸಿತು. ಎಲ್ಲಿಯದು ಅಂತ ಹೇಳಲಿಲ್ಲ. ಇಲ್ಲಿ ಗದ್ದಲ ಎದ್ದ ಮೇಲೆ, ಭಾರತದ ಮೆಟ್ಟಿನಿಂದ ಪ್ರೇರಣೆ ಪಡೆದದ್ದು ಹೌದು ಅಂತ ಒಪ್ಪಿತು. ಆ ಮೆಟ್ಟಿಗೆ 2019ರಲ್ಲಿ ಜಿಐ ಗುರುತು ಸಿಕ್ಕಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿಯ ಸಮಗಾರರ ಕೈ ಅದರಲ್ಲಿದೆ. ಗುರುತು ಇದ್ದದ್ದಕ್ಕೆ ಕಿರುಚೋಕಾದರೂ ಆಯಿತು. ನಮ್ಮ ತುಂಗಭದ್ರೆ ದಂಡೆಯ ತೊಗಲಿನ ಕೆಲಸ ಆ ಪಟ್ಟಿಯಲ್ಲಿ ಇಲ್ಲ. ನಾಳೆ ಅಜ್ಜನ ಚೀಲವನ್ನು ಯಾರಾದರೂ ನಕಲು ಮಾಡಿದರೆ ಕೂಗೋಕೆ ನಮ್ಮ ಹತ್ತಿರ ಕಾಗದವೂ ಇಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳೋದಿಲ್ಲ. 1976ರಲ್ಲೇ ಚರ್ಮ ಕೈಗಾರಿಕೆಗೆ ಒಂದು ನಿಗಮ ಬಂತು, ಅದೇ ಲಿಡ್ಕರ್. ಈಗ ಅದಕ್ಕೆ ಡಾ. ಬಾಬು ಜಗಜೀವನ್ ರಾಂ ಅವರ ಹೆಸರಿದೆ. ಮಳಿಗೆಗಳಿವೆ, ತರಬೇತಿ ಇದೆ, 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿಯಾದರು. ಒಳ್ಳೆಯದೇ. ಆದರೆ ಲಿಡ್ಕರಿನ ಬೋರ್ಡು ನೋಡಬೇಕಾದರೆ ನಮ್ಮ ಹುಡುಗ ಊರಿಂದ ಎಷ್ಟು ಬಸ್ಸು ಬದಲಿಸಬೇಕು? ಹೊನ್ನಾಳಿ, ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ. ಆಮೇಲೆ ಎಲ್ಲ ದಾವಣಗೆರೆ. ನ್ಯಾಮತಿಯೂ ಈಗ ಬೇರೆ ತಾಲ್ಲೂಕು. ಕಚೇರಿಯ ಬೋರ್ಡು ಬದಲಾದಷ್ಟು ಬೇಗ ಕೊಡೆ ಕೆಳಗಿನ ಬದುಕು ಬದಲಾಗಲಿಲ್ಲ.

ನಾವು ಕೇಳೋದು ಇಷ್ಟು. ಪ್ರತಿ ತಾಲ್ಲೂಕಿನಲ್ಲಿ ಒಂದು ಹಾಸ್ಟೆಲಿನಲ್ಲಾದರೂ ಹೊಲಿಗೆಯ ಕೋಣೆ ಬೇಕು, ಅಲ್ಲಿ ದಪ್ಪ ತೊಗಲು ಹೊಲಿಯುವ ಒಂದು ಮಿಷಿನ್ನು ಬೇಕು, ಮತ್ತು ಕೊಡೆ ಕೆಳಗಿನ ಹಿರಿಯರನ್ನು ಸಂಬಳ ಕೊಟ್ಟು ಮೇಷ್ಟ್ರಾಗಿ ಕರೆಸಬೇಕು. ಗೌರವಧನ ಅಂತ ಶಾಲು ಹೊದಿಸಿ ಕಳಿಸೋದಲ್ಲ, ತಿಂಗಳ ಸಂಬಳ. ಕಲಿಯೋದಕ್ಕೆ ಎಲ್ಲ ಜಾತಿಯ ಹುಡುಗರೂ ಬರಲಿ. ಲಿಂಗಾಯತರ ಹುಡುಗನೂ ಬರಲಿ, ಬ್ರಾಹ್ಮಣರ ಹುಡುಗಿಯೂ ಬರಲಿ. ವೇದಿಕೆ ಹತ್ತಿ ಹರಳಯ್ಯನವರ ಹೆಸರು ಹೇಳುವ ಮನೆಗಳ ಮಕ್ಕಳು ಒಂದು ದಿನ ಉಳಿ ಹಿಡಿದು ನೋಡಲಿ. ತೊಗಲನ್ನು ನಮ್ಮ ಕುತ್ತಿಗೆಗೆ ಮತ್ತೆ ಕಟ್ಟುವ ತರಬೇತಿ ನಮಗೆ ಬೇಡ. ಡಾಕ್ಟರಾಗುವವನು ಡಾಕ್ಟರಾಗಲಿ, ಐಎಎಸ್ ಓದುವವಳು ಓದಲಿ. ಓದುತ್ತಲೇ ತನ್ನ ಚೀಲಕ್ಕೆ ತಾನು ಜಿಪ್ ಹಾಕೋಕೆ ಬಂದರೆ ಯಾವ ಪರೀಕ್ಷೆಯೂ ಫೇಲಾಗೋದಿಲ್ಲ.

ಅರ್ಜಿ ಬರೆದಿದ್ದೇವೆ, ಸಹಿ ಹಾಕಿಸುವ ಕೆಲಸ ನಿಮ್ಮದು. ಸರ್ಕಾರದ ಕೋಣೆ ಬರುವವರೆಗೆ ಕಾಯೋದು ಬೇಡ ಅಂತ ಬಸ್ ಸ್ಟ್ಯಾಂಡಿನ ಹಿರಿಯರನ್ನು ಕೇಳಿಕೊಂಡಿದ್ದೇವೆ. ಎರಡು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಹಾಸ್ಟೆಲಿನ ವರಾಂಡದಲ್ಲಿ ಕೂತು ತೋರಿಸೋಕೆ ಒಪ್ಪಿದ್ದಾರೆ. ಅವರ ದಿನದ ಕೂಲಿ ತಪ್ಪುತ್ತದೆ, ಆದ್ದರಿಂದ ತಲೆಗೆ 20 ರೂಪಾಯಿ ಕೂಡಿಸಿ ಕೊಡುತ್ತೇವೆ. ಬರುವವರು ಬಾಯಿಯ ಅಳತೆಗಿಂತ ಎರಡು ಇಂಚು ಉದ್ದದ 5ನೇ ನಂಬರಿನ ಜಿಪ್ಪು ಒಂದು, ಗಟ್ಟಿ ಸೂಜಿ ಎರಡು ತರಬೇಕು. ಕಬ್ಬಿಣದ ಜಿಪ್ಪು ತರಬೇಡಿ. ದಾರ, ಮೇಣ, ಸಲ್ಯೂಷನ್ ನಮ್ಮ ಹತ್ತಿರ ಇದೆ.

ಜೈಭೀಮ್.